ಊರುಗಳೇ ಸೇರಿ ಎಳೆದ ಕೇಬಲ್

ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮೂರಿನ ಒಂದು ಕಲ್ಲಿಗೆ ಎಲ್ಲಿಲ್ಲದ ಬೆಲೆ ಬಂದಿತ್ತು. ಹೊಸನಗರ ತಾಲ್ಲೂಕಿನ ನಮ್ಮೂರಿನ ಹಿಂದಿನ ಗುಡ್ಡ ಹತ್ತಿ, ಆ ಕಲ್ಲಿನ ಮೇಲೆ ಮೊಬೈಲ್ ಇಟ್ಟರೆ ಎರಡು ಕಡ್ಡಿ ಸಿಗ್ನಲ್ ಬರುತ್ತಿತ್ತು. ಕೊರೊನಾ ಕಾಲದ ಆನ್‌ಲೈನ್ ತರಗತಿಗೆ ಆ ಎರಡು ಕಡ್ಡಿಯೇ ಗತಿ. ನಾಲ್ಕು ಮನೆಯ ಐದು ಮಕ್ಕಳು ಸರದಿ ಹಾಕಿಕೊಂಡು ಅಲ್ಲಿ ಕೂರುತ್ತಿದ್ದೆವು. ಜೂನ್ ಬಂದ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಕೊಡೆ, ಕಾಲಿಗೆ ಉಂಬಳ. ಗಣಿತದ ಮೇಷ್ಟ್ರು ಬೋರ್ಡ್ ಮೇಲೆ ಬರೆದ ಸಮೀಕರಣ ಅರ್ಧಕ್ಕೆ ನಿಂತು, ಮತ್ತೆ ಬರುವಷ್ಟರಲ್ಲಿ ಉತ್ತರವೇ ಬಂದಿರುತ್ತಿತ್ತು. ನಡುವಿನ ಹಂತಗಳನ್ನು ನಾವೇ ಊಹಿಸಿಕೊಳ್ಳಬೇಕಿತ್ತು.

ಆಗ ಊರಲ್ಲಿ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಟವರ್ ಯಾವಾಗ ಹಾಕ್ತಾರಂತೆ?’ ಅಜ್ಜ ಮಾತ್ರ ಒಂದು ದಿನ ಬೇರೆಯದೇ ಮಾತು ಆಡಿದರು. ‘ಹಾಕ್ತಾರೆ, ಹಾಕ್ತಾರೆ ಅಂತ ಕಾಯ್ತಾ ಕೂತಿದ್ರೆ ಅಡಿಕೆ ಸೊಸೈಟಿನೂ ಆಗ್ತಿರಲಿಲ್ಲ ಮಾರಾಯ. ಅದನ್ನ ಬೆಳೆಗಾರರೇ ಸೇರಿ ಮಾಡ್ಕೊಂಡಿದ್ದು.’ ಆಗ ಅದನ್ನು ನಾನು ಹಳೆ ಕಾಲದವರ ಮಾತು ಎಂದು ಬಿಟ್ಟುಬಿಟ್ಟಿದ್ದೆ. ಅಡಿಕೆ ಬೇರೆ, ಇಂಟರ್ನೆಟ್ ಬೇರೆ ಅಲ್ಲವೇ?

ಈಗ ಬಿ.ಇ. ಓದುತ್ತಿದ್ದೇನೆ. ಆಪ್ಟಿಕಲ್ ಫೈಬರ್ ಕುರಿತು ಸೆಮಿನಾರ್ ಕೊಡಬೇಕಾಗಿ ಬಂದಾಗ, ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಒಂದು ಕಾನೂನು ನನ್ನನ್ನು ಹಿಡಿದು ನಿಲ್ಲಿಸಿತು. ಅಮೆರಿಕದ ವರ್ಮಾಂಟ್ ಎಂಬ ಪುಟ್ಟ ರಾಜ್ಯದ ಕಾನೂನು ಅದು. ಎರಡು ಅಥವಾ ಹೆಚ್ಚು ಊರುಗಳು ಕೈಜೋಡಿಸಿ ತಮ್ಮದೇ ಸಂಪರ್ಕ ಜಾಲ ಕಟ್ಟಿಕೊಳ್ಳಬಹುದು ಎನ್ನುತ್ತದೆ. ಅಜ್ಜನ ಮಾತು ನೆನಪಾಯಿತು.

ಹಸಿರು ಗುಡ್ಡಗಳ ನಾಡು

ವರ್ಮಾಂಟ್ ಎಂದರೆ ಹಸಿರು ಬೆಟ್ಟ ಎಂದೇ ಅರ್ಥ. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ ಸುಮಾರು 6.43 ಲಕ್ಷ. ಕರ್ನಾಟಕದ ಎಂಟನೇ ಒಂದು ಭಾಗದಷ್ಟು ನೆಲದಲ್ಲಿ ಅಷ್ಟು ಜನ ಚದುರಿ ಬದುಕುತ್ತಾರೆ. ಕಾಡು, ಕಣಿವೆ, ಹೈನುಗಾರಿಕೆ, ಒಂದು ಮನೆಯಿಂದ ಇನ್ನೊಂದು ಮನೆಗೆ ದೂರ. ಓದುತ್ತಾ ಹೋದಂತೆ, ಹಿಮವೊಂದನ್ನು ಬಿಟ್ಟರೆ ನಮ್ಮ ಮಲೆನಾಡಿನ ವಿವರಣೆಯೇ ಅನಿಸಿತು.

ಅಲ್ಲಿ ‘ಟೌನ್’ ಎಂದರೆ ದೊಡ್ಡ ಪಟ್ಟಣವಲ್ಲ, ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯಿತಿಯಂಥ ಘಟಕ. ಕೆಲವು ಟೌನ್‌ಗಳಲ್ಲಿ ಸಾವಿರ ಜನವೂ ಇಲ್ಲ. ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ಮಂಗಳವಾರ ‘ಟೌನ್ ಮೀಟಿಂಗ್ ದಿನ’. ಊರಿನ ಮತದಾರರು ಸೇರಿ ರಸ್ತೆಗೆಷ್ಟು, ಗ್ರಂಥಾಲಯಕ್ಕೆಷ್ಟು ಎಂದು ತಾವೇ ತೀರ್ಮಾನಿಸುತ್ತಾರೆ. ನಮ್ಮ ಗ್ರಾಮಸಭೆಯ ಅಣ್ಣನೋ ತಮ್ಮನೋ ಇದ್ದಂತೆ.

ಇಂಥ ಊರುಗಳಿಗೆ ಕೇಬಲ್ ಎಳೆಯಲು ಕಂಪನಿಗಳು ಯಾಕೆ ಬರುವುದಿಲ್ಲ? ಇದು ದುಷ್ಟತನದ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ತಿಳಿಯುವುದಕ್ಕಾಗಿ ಒಂದು ಕಿಲೋಮೀಟರ್ ಫೈಬರ್ ಎಳೆಯಲು 10 ಲಕ್ಷ ರೂಪಾಯಿ ಬೇಕು ಎಂದಿಟ್ಟುಕೊಳ್ಳೋಣ. ಆ ರಸ್ತೆಯಲ್ಲಿ 40 ಮನೆಗಳಿದ್ದರೆ ಒಂದು ಮನೆಯ ಪಾಲು 25 ಸಾವಿರ. ತಿಂಗಳಿಗೆ 500 ರೂಪಾಯಿ ಬಂದರೂ 50 ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್. ಅದೇ ರಸ್ತೆಯಲ್ಲಿ ಬರೀ 4 ಮನೆಗಳಿದ್ದರೆ ಒಂದು ಮನೆಯ ಪಾಲು ಎರಡೂವರೆ ಲಕ್ಷ. ದುಡ್ಡು ಹಿಂದೆ ಬರಲು 500 ತಿಂಗಳು, ಅಂದರೆ ನಲವತ್ತು ವರ್ಷಕ್ಕೂ ಹೆಚ್ಚು. ನಿರ್ವಹಣೆಯ ಖರ್ಚು ಇದರಲ್ಲಿ ಸೇರಿಲ್ಲ. ಷೇರುದಾರರಿಗೆ ಉತ್ತರ ಹೇಳಬೇಕಾದ ಯಾವ ಕಂಪನಿ ಅಷ್ಟು ಕಾಯುತ್ತದೆ?

ಹಾಗೆಂದು ಹಳೆಯ ಟೆಲಿಫೋನ್ ತಂತಿಯಲ್ಲೇ ಕಾಲ ತಳ್ಳುವಂತೆಯೂ ಇಲ್ಲ. ತಾಮ್ರದ ತಂತಿಯಲ್ಲಿ ದೂರ ಹೆಚ್ಚಿದಂತೆ ವೇಗ ಕುಸಿಯುತ್ತದೆ. ಎಕ್ಸ್‌ಚೇಂಜ್‌ನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಹೆಸರಿಗಷ್ಟೇ ಇಂಟರ್ನೆಟ್. ಫೈಬರ್ ಹಾಗಲ್ಲ. ಮನೆಗಳಿಗೆ ಹಂಚುವ ಸಾಮಾನ್ಯ ಫೈಬರ್ ಜಾಲದಲ್ಲಿ 20 ಕಿಲೋಮೀಟರ್ ದೂರದ ಮನೆಗೂ ಅದೇ ವೇಗ ಕೊಡಬಹುದು, ದಾರಿಯಲ್ಲಿ ವಿದ್ಯುತ್ ಉಪಕರಣವೂ ಬೇಕಿಲ್ಲ. ಗುಡ್ಡಗಾಡಿಗೆ ಹೇಳಿ ಮಾಡಿಸಿದ ತಂತ್ರಜ್ಞಾನ ಇದು. ತೊಡಕು ಇರುವುದು ಮೊದಲ ಖರ್ಚಿನಲ್ಲಿ ಮಾತ್ರ.

ಸಾಲ ಕೊಟ್ಟವರು ನೆರೆಹೊರೆಯವರೇ

2008ರ ಮಾರ್ಚ್‌ನ ಟೌನ್ ಮೀಟಿಂಗ್‌ಗಳಲ್ಲಿ ವರ್ಮಾಂಟ್‌ನ ಪೂರ್ವ-ಮಧ್ಯ ಭಾಗದ 20ಕ್ಕೂ ಹೆಚ್ಚು ಟೌನ್‌ಗಳು ಒಂದೇ ನಿರ್ಣಯಕ್ಕೆ ಕೈ ಎತ್ತಿದವು: ನಾವೆಲ್ಲ ಸೇರಿ ಫೈಬರ್ ಜಾಲ ಕಟ್ಟೋಣ. ಅದಕ್ಕೆ ‘ಇಸಿ ಫೈಬರ್’ ಎಂದು ಹೆಸರಾಯಿತು. ಆದರೆ ಅದೇ ವರ್ಷ ಅಮೆರಿಕದ ಬ್ಯಾಂಕುಗಳು ಕುಸಿದು ಜಗತ್ತೇ ಆರ್ಥಿಕ ಬಿಕ್ಕಟ್ಟಿಗೆ ಸಿಲುಕಿತು. ಸಾಲ ಸಿಗುವ ದಾರಿ ಮುಚ್ಚಿತು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಊರಿನವರೇ ಕೈಯಿಂದ ದುಡ್ಡು ಹಾಕಿದರು. ತಲಾ 2,500 ಡಾಲರ್ ಲೆಕ್ಕದಲ್ಲಿ ಸಾಲಪತ್ರ ಕೊಟ್ಟು ಸ್ಥಳೀಯರಿಂದಲೇ ಹಣ ಎತ್ತಲಾಯಿತು. ದಾನವಲ್ಲ, ಬಡ್ಡಿ ಸಮೇತ ಹಿಂದಿರುಗುವ ಸಾಲ. 2011ರಲ್ಲಿ ಮೊದಲ ಸಂಪರ್ಕಗಳು ಸಿಕ್ಕವು. ಹಣ ಬಂದಷ್ಟು ಕೇಬಲ್, ಕೇಬಲ್ ಹೋದಷ್ಟು ಗ್ರಾಹಕರು, ಗ್ರಾಹಕರು ಕಟ್ಟಿದ ಬಿಲ್ಲಿನಿಂದ ಮತ್ತಷ್ಟು ಕೇಬಲ್. ಕೆಲವೇ ವರ್ಷಗಳಲ್ಲಿ ಹೀಗೆ ಸುಮಾರು 70 ಲಕ್ಷ ಡಾಲರ್ ಕೂಡಿತು.

ಆದರೂ ಈ ದಾರಿಗೆ ಒಂದು ಮಿತಿಯಿತ್ತು. ನೂರಾರು ಮೈಲಿ ಜಾಲ ಕಟ್ಟಲು ದೊಡ್ಡ ಸಾಲ ಬೇಕು. ಟೌನ್‌ಗಳ ನಡುವಿನ ಒಂದು ಒಪ್ಪಂದವನ್ನು ನಂಬಿ ದೊಡ್ಡ ಹೂಡಿಕೆದಾರರು ಸಾಲ ಕೊಡುವುದಿಲ್ಲ. ಸಾಲ ಯಾರ ಹೆಸರಲ್ಲಿ? ಆಸ್ತಿ ಯಾರದ್ದು? ನಾಳೆ ಒಂದು ಟೌನ್ ಹೊರಬಂದರೆ? ಇವಕ್ಕೆಲ್ಲ ಉತ್ತರ ಕೊಡಬಲ್ಲ ಒಂದು ಕಾನೂನುಬದ್ಧ ಸಂಸ್ಥೆ ಬೇಕಿತ್ತು.

ಕಾನೂನು ಹೇಳಿದ್ದೇನು?

2015ರಲ್ಲಿ ವರ್ಮಾಂಟ್ ಶಾಸನಸಭೆ ಅದಕ್ಕೆ ದಾರಿ ಮಾಡಿಕೊಟ್ಟಿತು. ‘ಕಮ್ಯುನಿಕೇಷನ್ಸ್ ಯೂನಿಯನ್ ಡಿಸ್ಟ್ರಿಕ್ಟ್’ ಎಂಬ ಹೊಸ ಬಗೆಯ ಸ್ಥಳೀಯ ಸಂಸ್ಥೆಯನ್ನು ಕಾನೂನು ಸೃಷ್ಟಿಸಿತು. ಕನ್ನಡದಲ್ಲಿ ‘ಸಂಪರ್ಕ ಒಕ್ಕೂಟ’ ಎನ್ನೋಣ. ನೀರು, ಕಸ ವಿಲೇವಾರಿಗಾಗಿ ಊರುಗಳು ಒಕ್ಕೂಟ ಮಾಡಿಕೊಳ್ಳುವ ಪದ್ಧತಿ ಅಲ್ಲಿ ಮೊದಲೇ ಇತ್ತು. ನಮ್ಮ ಬಹುಗ್ರಾಮ ಕುಡಿಯುವ ನೀರಿನ ಯೋಜನೆಯನ್ನು ನೆನಪಿಸಿಕೊಳ್ಳಿ. ಒಂದು ಹೊಳೆ, ಒಂದು ಶುದ್ಧೀಕರಣ ಘಟಕ, ಹತ್ತಾರು ಊರಿಗೆ ಪೈಪು. ನೀರಿನ ಜಾಗದಲ್ಲಿ ಇಂಟರ್ನೆಟ್ ಇಟ್ಟರೆ ಇದರ ಮೂಲ ಕಲ್ಪನೆ ಅರ್ಥವಾಗುತ್ತದೆ.

ಕಾನೂನಿನ ಮುಖ್ಯ ಅಂಶಗಳು ಸರಳ. ಎರಡು ಅಥವಾ ಹೆಚ್ಚು ಟೌನ್‌ಗಳ ಮತದಾರರು ಒಪ್ಪಿದರೆ ಒಕ್ಕೂಟ ಹುಟ್ಟುತ್ತದೆ. ಪ್ರತಿ ಟೌನ್ ಒಬ್ಬ ಪ್ರತಿನಿಧಿಯನ್ನು ಆಡಳಿತ ಮಂಡಳಿಗೆ ಕಳಿಸುತ್ತದೆ. ಊರು ದೊಡ್ಡದಿರಲಿ, ಚಿಕ್ಕದಿರಲಿ, ಒಂದು ಟೌನ್‌ಗೆ ಒಂದೇ ಮತ. ಒಕ್ಕೂಟ ತನ್ನ ಹೆಸರಿನಲ್ಲೇ ಆಸ್ತಿ ಹೊಂದಬಹುದು, ಕರಾರು ಮಾಡಿಕೊಳ್ಳಬಹುದು, ಬಾಂಡ್ ಮೂಲಕ ಸಾಲ ಎತ್ತಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಅಂಶ: ಒಕ್ಕೂಟ ತೆರಿಗೆ ಹಾಕುವಂತಿಲ್ಲ, ಟೌನ್‌ಗಳ ತೆರಿಗೆ ಹಣವನ್ನು ಮುಟ್ಟುವಂತೆಯೂ ಇಲ್ಲ. ಸಾಲ ತೀರಬೇಕಾದದ್ದು ಗ್ರಾಹಕರು ಕಟ್ಟುವ ಬಿಲ್ಲಿನಿಂದ ಮಾತ್ರ. ಜಾಲ ಮುಳುಗಿದರೆ ಸಾಲ ಕೊಟ್ಟವರು ಟೌನ್‌ಗಳ ಖಜಾನೆಗೆ ಕೈ ಹಾಕುವಂತಿಲ್ಲ.

ಈ ಕೊನೆಯ ಷರತ್ತು ನನಗೆ ಮೊದಲು ವಿಚಿತ್ರ ಅನಿಸಿತ್ತು. ಸರ್ಕಾರಿ ಸಂಸ್ಥೆ ಎಂದ ಮೇಲೆ ಸರ್ಕಾರದ ದುಡ್ಡು ಯಾಕೆ ಬೇಡ? ಉತ್ತರ ಅದೇ ರಾಜ್ಯದ ಅತಿ ದೊಡ್ಡ ನಗರ ಬರ್ಲಿಂಗ್‌ಟನ್‌ನಲ್ಲಿದೆ. ಆ ನಗರ ಒಂಟಿಯಾಗಿ ತನ್ನದೇ ಫೈಬರ್ ಜಾಲ ಕಟ್ಟಲು ಹೊರಟು, ಖರ್ಚು ಕೈಮೀರಿದಾಗ ನಗರದ ಸಾಮಾನ್ಯ ನಿಧಿಯಿಂದ ಸುಮಾರು 1.7 ಕೋಟಿ ಡಾಲರ್ ಬಳಸಿಬಿಟ್ಟಿತು. ದೊಡ್ಡ ಗಲಾಟೆಯಾಯಿತು, ನಗರದ ಸಾಲ ಯೋಗ್ಯತೆಯ ಶ್ರೇಣಿ ಕುಸಿಯಿತು, ಮೊಕದ್ದಮೆ ನಡೆಯಿತು. ಕೊನೆಗೆ 2019ರಲ್ಲಿ ಆ ಜಾಲ ಖಾಸಗಿ ಕಂಪನಿಗೆ ಮಾರಾಟವಾಯಿತು. ಮನೆಯಲ್ಲಿ ಇಂಟರ್ನೆಟ್ ತೆಗೆದುಕೊಳ್ಳದ ಅಜ್ಜಿಯ ಮನೆಗಂದಾಯ ಯಾರದೋ ಕೇಬಲ್‌ಗೆ ಹೋಗಬಾರದು. ಈ ಎಚ್ಚರ ಕಾನೂನಿನೊಳಗೇ ಇದೆ.

2016ರ ಜನವರಿಯಲ್ಲಿ ಇಸಿ ಫೈಬರ್ ರಾಜ್ಯದ ಮೊದಲ ಸಂಪರ್ಕ ಒಕ್ಕೂಟವಾಯಿತು. ಅದೇ ವರ್ಷ 90 ಲಕ್ಷ ಡಾಲರ್‌ನ ಬಾಂಡ್ ಬಿಡುಗಡೆ ಮಾಡಿತು. 2,500 ಡಾಲರ್ ಲೆಕ್ಕದಲ್ಲಿ ವರ್ಷಗಟ್ಟಲೆ ಕೂಡಿಸಿದ್ದಕ್ಕಿಂತ ಹೆಚ್ಚು ಹಣ ಒಂದೇ ಸಲಕ್ಕೆ ಬಂತು. ಊರು ಅದೇ, ಜನ ಅದೇ, ಗುಡ್ಡವೂ ಅದೇ. ಕಾನೂನಿನ ಕಣ್ಣಿನಲ್ಲಿ ಅವರಿಗೊಂದು ಹೆಸರು ಸಿಕ್ಕಿತ್ತು, ಅಷ್ಟೇ.

2018ರಲ್ಲಿ ಎರಡನೇ ಒಕ್ಕೂಟ ಹುಟ್ಟಿತು. 2019ರಲ್ಲಿ ರಾಜ್ಯ ಇನ್ನೊಂದು ಕಾನೂನು ಮಾಡಿ ಇಂಥ ಒಕ್ಕೂಟಗಳ ಪೂರ್ವಭಾವಿ ಅಧ್ಯಯನಕ್ಕೆ ಅನುದಾನ ಮತ್ತು ಸಾಲದ ವ್ಯವಸ್ಥೆ ಮಾಡಿತು. ಬಳಿಕ ಕೊರೊನಾ ಬಂತು. ಅಲ್ಲಿನ ಮಕ್ಕಳೂ ಗ್ರಂಥಾಲಯದ ವೈಫೈ ಹುಡುಕಿಕೊಂಡು ಕಾರಿನಲ್ಲಿ ಕೂತು ಹೋಂವರ್ಕ್ ಮಾಡಿದರು ಎಂದು ಓದಿದಾಗ ನಮ್ಮ ಗುಡ್ಡದ ಕಲ್ಲು ಕಣ್ಮುಂದೆ ಬಂತು. 2021ರಲ್ಲಿ ಸಮುದಾಯ ಬ್ರಾಡ್‌ಬ್ಯಾಂಡ್ ಮಂಡಳಿಯೊಂದು ರಚನೆಯಾಗಿ, ಕೇಂದ್ರ ಸರ್ಕಾರದ ಕೊರೊನಾ ಪರಿಹಾರ ನಿಧಿಯ ದೊಡ್ಡ ಪಾಲು ಒಕ್ಕೂಟಗಳತ್ತ ಹರಿಯಿತು. ಅದಕ್ಕೊಂದು ಷರತ್ತು ಇತ್ತು: ಲಾಭ ಬರುವ ಬೀದಿಗಳಿಗಷ್ಟೇ ಅಲ್ಲ, ಸೌಲಭ್ಯವಿಲ್ಲದ ಪ್ರತಿ ಮನೆಗೂ ತಲುಪುವ ಯೋಜನೆ ಇರಬೇಕು. ಅಷ್ಟರಲ್ಲಿ ರಾಜ್ಯದ ಸುಮಾರು 250 ಟೌನ್, ನಗರಗಳಲ್ಲಿ ಬಹುಪಾಲು ಒಂದಲ್ಲ ಒಂದು ಒಕ್ಕೂಟ ಸೇರಿದ್ದವು.

ಒಗ್ಗಟ್ಟಿಗೆ ಬೀಗ ಹಾಕಿದ ಕಾನೂನುಗಳು

ಅಮೆರಿಕದ ಎಲ್ಲ ರಾಜ್ಯಗಳೂ ವರ್ಮಾಂಟ್‌ನಂತಿಲ್ಲ. ಟೆನೆಸಿ ರಾಜ್ಯದ ಚಾಟನೂಗ ನಗರದ ಸಾರ್ವಜನಿಕ ವಿದ್ಯುತ್ ಸಂಸ್ಥೆ 2010ರಲ್ಲೇ ತನ್ನ ವ್ಯಾಪ್ತಿಯ ಎಲ್ಲರಿಗೂ ಗಿಗಾಬಿಟ್ ವೇಗದ ಸೇವೆ ಕೊಟ್ಟಿತು. ಪಕ್ಕದ ಹಳ್ಳಿಗಳವರು ‘ನಮಗೂ ಕೊಡಿ’ ಎಂದರು. ಸಂಸ್ಥೆ ಸಿದ್ಧವಿತ್ತು, ರಾಜ್ಯದ ಕಾನೂನು ಬಿಡಲಿಲ್ಲ. ವಿದ್ಯುತ್ ಪೂರೈಸುವ ಗಡಿ ದಾಟಿ ಇಂಟರ್ನೆಟ್ ಕೊಡುವಂತಿಲ್ಲ ಎಂಬುದು ನಿಯಮ. 2015ರಲ್ಲಿ ಕೇಂದ್ರದ ಸಂಪರ್ಕ ಆಯೋಗ ಆ ನಿರ್ಬಂಧವನ್ನು ತೆಗೆದುಹಾಕಲು ನೋಡಿತು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ, ಸ್ಥಳೀಯ ಸಂಸ್ಥೆಗಳ ಅಧಿಕಾರ ಎಷ್ಟೆಂದು ಹೇಳುವುದು ರಾಜ್ಯದ ಹಕ್ಕು ಎಂದು ಆಯೋಗದ ಆದೇಶವನ್ನು ರದ್ದುಮಾಡಿತು. ಸರ್ಕಾರದ ಸಂಸ್ಥೆಗಳು ಪೈಪೋಟಿಗೆ ಇಳಿದರೆ ಖಾಸಗಿ ಹೂಡಿಕೆ ಹಿಂಜರಿಯುತ್ತದೆ ಎಂಬುದು ಇಂಥ ನಿರ್ಬಂಧಗಳ ಪರವಾದ ವಾದ. ಆ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಹೂಡಿಕೆಯೇ ಬಾರದ ಊರಿನಲ್ಲಿ ಹಿಂಜರಿಯುವವರು ಯಾರು?

ವರ್ಮಾಂಟ್‌ನದ್ದೂ ಹೂವಿನ ಹಾದಿಯೇನಲ್ಲ. ಒಕ್ಕೂಟಗಳ ಮಂಡಳಿಯಲ್ಲಿರುವವರು ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರು. ಹಗಲು ತಮ್ಮ ಕೆಲಸ, ಸಂಜೆ ಸಭೆ. ವಿದ್ಯುತ್ ಕಂಬಗಳು ಬೇರೆಯವರ ಸ್ವತ್ತು. ಅವುಗಳ ಮೇಲೆ ಕೇಬಲ್ ಹಾಕುವ ಮೊದಲು ಪ್ರತಿ ಕಂಬವನ್ನೂ ಪರಿಶೀಲಿಸಿ, ಹಳೆಯದನ್ನು ಬದಲಿಸಬೇಕು. ಅದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಇನ್ನು, ಕೇಬಲ್ ಮನೆ ಬಾಗಿಲಿಗೆ ಬಂದರೂ ಬಿಲ್ ಕಟ್ಟಲಾಗದವರಿದ್ದಾರೆ. ದೇಶದಾದ್ಯಂತ ಬಡ ಕುಟುಂಬಗಳಿಗೆ ತಿಂಗಳಿಗೆ 30 ಡಾಲರ್ ರಿಯಾಯಿತಿ ಕೊಡುತ್ತಿದ್ದ ಕೇಂದ್ರ ಯೋಜನೆ 2024ರಲ್ಲಿ ಹಣವಿಲ್ಲದೆ ನಿಂತುಹೋಯಿತು. ತೆರಿಗೆ ಮುಟ್ಟಬಾರದು ಎಂಬ ಷರತ್ತು ಅಜ್ಜಿಯನ್ನು ಕಾಪಾಡುತ್ತದೆ, ನಿಜ. ಅದೇ ಷರತ್ತಿನಿಂದಾಗಿ ಬಡ ಗ್ರಾಹಕನಿಗೆ ಕಡಿಮೆ ದರದಲ್ಲಿ ಕೊಡುವುದೂ ಒಕ್ಕೂಟಕ್ಕೆ ಕಷ್ಟ.

ನಮ್ಮಲ್ಲಿ ಆಗುತ್ತದೆಯೇ?

ಸೆಮಿನಾರ್ ಮುಗಿದಾಗ ಸಹಪಾಠಿಯೊಬ್ಬ ಕೇಳಿದ ಪ್ರಶ್ನೆ ಇದು. ನೇರ ಉತ್ತರ: ಹಾಗೆಯೇ ಎತ್ತಿ ತಂದು ನೆಡಲು ಆಗುವುದಿಲ್ಲ. ನಮ್ಮ ಸಂವಿಧಾನದಲ್ಲಿ ಅಂಚೆ, ದೂರವಾಣಿ, ನಿಸ್ತಂತು ಎಲ್ಲವೂ ಕೇಂದ್ರ ಪಟ್ಟಿಯಲ್ಲಿವೆ. ಇಂಟರ್ನೆಟ್ ಸೇವೆ ಕೊಡಲು ಬೇಕಾದ ಅನುಮತಿ ದೆಹಲಿಯಿಂದ ಬರಬೇಕೇ ಹೊರತು ವಿಧಾನಸೌಧದಿಂದಲ್ಲ.

ಆದರೆ ಎಲ್ಲ ಬಾಗಿಲೂ ಮುಚ್ಚಿಲ್ಲ. 73ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹನ್ನೊಂದನೇ ಅನುಸೂಚಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೇಳುತ್ತದೆ. ರಸ್ತೆ, ಮೋರಿ, ಸೇತುವೆಗಳ ಸಾಲಿನಲ್ಲೇ ‘ಇತರ ಸಂಪರ್ಕ ಸಾಧನಗಳು’ ಎಂಬ ಮಾತೂ ಇದೆ. ಅದನ್ನು ಬರೆದವರ ಮನಸ್ಸಿನಲ್ಲಿ ದೋಣಿಯೋ ಕಾಲುಸಂಕವೋ ಇದ್ದಿರಬಹುದು. ಇವತ್ತಿನ ಸಂಕ ಮಾತ್ರ ಗಾಜಿನ ಎಳೆಯದ್ದು.

2011ರಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಫೈಬರ್ ಯೋಜನೆ ಈಗ ಭಾರತ್‌ನೆಟ್ ಎಂಬ ಹೆಸರಿನಲ್ಲಿದೆ. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಲುಪಿಸುವುದು ಅದರ ಮೂಲ ಗುರಿ. 2023ರಲ್ಲಿ ಕೇಂದ್ರ ಸಂಪುಟ ಅದರ ಮುಂದಿನ ಹಂತಕ್ಕೆ 1.39 ಲಕ್ಷ ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಪಂಚಾಯಿತಿ ಕಚೇರಿಯಿಂದ ಗುಡ್ಡದಾಚೆಯ ನಾಲ್ಕು ಮನೆಗಳವರೆಗಿನ ದಾರಿಯಲ್ಲೇ ಮೇಲೆ ಹೇಳಿದ ಲೆಕ್ಕ ಎದುರಾಗುವುದು. 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ವ್ಯವಸ್ಥೆಯಡಿ ಸಣ್ಣ ಅಂಗಡಿಯವರೂ ಪರವಾನಗಿಯಿಲ್ಲದೆ ಸಾರ್ವಜನಿಕ ವೈಫೈ ಕೊಡಬಹುದು. ಕೇರಳ ತನ್ನದೇ ಫೈಬರ್ ಜಾಲ ‘ಕೆ-ಫೋನ್’ ಅನ್ನು 2023ರಲ್ಲಿ ಉದ್ಘಾಟಿಸಿತು. ಆದರೆ ಅದು ರಾಜ್ಯದ ಸ್ವತ್ತು, ಊರುಗಳದ್ದಲ್ಲ.

ಊರುಗಳೇ ಒಡೆಯರಾಗುವುದು ನಮಗೆ ಹೊಸದೇ? ದೇಶದ ಸಹಕಾರ ಚಳವಳಿಗೆ ನಾಂದಿ ಹಾಡಿದ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಬಳಿಯ ಕಣಗಿನಹಾಳದಲ್ಲಿ. ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರ ಮ್ಯಾಮ್‌ಕೋಸ್ 1939ರದ್ದು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ಮನೆ ಮನೆಗೆ ಕರೆಂಟ್ ಹಂಚುತ್ತಾ ಬಂದಿದೆ. ಹಾಲು, ಅಡಿಕೆ, ವಿದ್ಯುತ್ ಹಂಚಲು ಬಂದ ನಮಗೆ ಬೆಳಕಿನ ಎಳೆ ಹಂಚಲು ಬಾರದೇ?

ಬೇಕಿರುವುದು ಒಂದು ಹೆಸರು, ಒಂದು ಚೌಕಟ್ಟು. ಐದಾರು ಪಂಚಾಯಿತಿಗಳು ಸೇರಿ ಕೊನೆಯ ಕೆಲವು ಕಿಲೋಮೀಟರ್ ಕೇಬಲ್‌ನ ಒಡೆತನ, ನಿರ್ವಹಣೆ ವಹಿಸಿಕೊಳ್ಳಬಹುದಾದ, ತೆರಿಗೆ ಹಣಕ್ಕೆ ಕೈ ಹಾಕದ, ವರ್ಷಕ್ಕೊಮ್ಮೆ ಗ್ರಾಮಸಭೆಗೆ ಲೆಕ್ಕ ಒಪ್ಪಿಸುವ ಒಕ್ಕೂಟ. ಸೇವೆ ಕೊಡಲು ಅನುಮತಿ ಇರುವ ಕಂಪನಿಯನ್ನು ಒಕ್ಕೂಟ ಕರಾರಿನ ಮೇಲೆ ಕರೆಯಲಿ. ಸೇವೆ ಸರಿಯಿಲ್ಲದಿದ್ದರೆ ಕಂಪನಿ ಬದಲಾಗುತ್ತದೆ, ಕೇಬಲ್ ಊರಿನದ್ದಾಗಿಯೇ ಉಳಿಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಎಳೆ ಕಡಿದರೆ ಜೋಡಿಸಲು ನಮ್ಮಂಥ ಹುಡುಗ ಹುಡುಗಿಯರು ಊರಲ್ಲೇ ಇರುತ್ತೇವೆ. ಅದೂ ಒಂದು ಉದ್ಯೋಗವೇ ತಾನೇ? ಫೈಬರ್ ಜೋಡಿಸುವುದನ್ನು ನಾವು ಲ್ಯಾಬ್‌ನಲ್ಲಿ ಕಲಿಯುತ್ತಿದ್ದೇವೆ, ಕೆಲಸ ಹುಡುಕುವುದು ಮಾತ್ರ ಬೆಂಗಳೂರಿನಲ್ಲಿ.

ಕಳೆದ ರಜೆಗೆ ಊರಿಗೆ ಹೋದಾಗ ಇದನ್ನೆಲ್ಲ ಅಜ್ಜನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಎಲೆಗೆ ಸುಣ್ಣ ಸವರುತ್ತಾ ಅವರು ಕೇಳಿದ್ದು ಒಂದೇ: ‘ಆ ಊರಿನವರು ಸಭೆಗೆ ಬರ್ತಾರಾ?’

ಬರುತ್ತಾರೆ ಎಂದೆ. ಮಾರ್ಚ್‌ನಲ್ಲಿ ಅಲ್ಲಿ ಇನ್ನೂ ಹಿಮ ಇರುತ್ತದೆ, ಆದರೂ ಬರುತ್ತಾರೆ.

‘ಹಂಗಾದ್ರೆ ಸರಿ’ ಎಂದರು ಅಜ್ಜ. ನಮ್ಮ ಹಿಂದಿನ ಗ್ರಾಮಸಭೆಗೆ ನಾನು ಹೋಗಿರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮುಂದಿನದಕ್ಕೆ ಹೋಗುತ್ತೇನೆ. ಗುಡ್ಡದ ಮೇಲಿನ ಆ ಕಲ್ಲು ಇನ್ನೂ ಅಲ್ಲೇ ಇದೆ. ಅದರ ಮೇಲೆ ಈಗ ಬೇರೆ ಮಕ್ಕಳು ಕೂರುತ್ತಾರೆ.